ವೀರನ ವೇದನೆ

ವೀರನು ನೋವನ್ನು ಲೆಕ್ಕಿಸುವುದಿಲ್ಲವೆಂಬ ಮಾತು ಸಭೆಗಳಿಗೆ ಭೂಷಣವಾಗಬಹುದು. ರಣಭೂಮಿಯ ಚಿಕಿತ್ಸೆಗೆ ಅದು ಆಧಾರವಾಗಕೂಡದು. ಆ ಮಾತಿನ ಬೆಲೆಯನ್ನು ತೆತ್ತವರು ಸಭಿಕರಲ್ಲ, ಗಾಯಾಳುಗಳು.

ಈಥರಿನ ಗುಣವು ೧೮೪೬ರಲ್ಲಿ ಲೋಕಪ್ರಸಿದ್ಧವಾಯಿತು. ಮರುವರ್ಷವೇ ರಷ್ಯದ ಶಸ್ತ್ರವೈದ್ಯ ಪಿರೊಗೋವನು ಕಾಕಸಸ್ ಯುದ್ಧದಲ್ಲಿ ಅದನ್ನು ಗಾಯಾಳುಗಳಿಗೆ ಕೊಟ್ಟನು. ಆದರೂ ೧೮೫೪ರಲ್ಲಿ ಕ್ರಿಮಿಯಾ ಯುದ್ಧದ ಬ್ರಿಟಿಷ್ ವೈದ್ಯಾಧಿಕಾರಿ ಜಾನ್ ಹಾಲನು, ತೀವ್ರವಾಗಿ ಗಾಯಗೊಂಡವರಿಗೆ ಕ್ಲೋರೋಫಾರಂ ಕೊಡದಿರುವಂತೆ ತನ್ನ ವೈದ್ಯರನ್ನು ಎಚ್ಚರಿಸಿದನು. ಶಸ್ತ್ರದ ಉರಿಯೇ ಜೀವಕ್ಕೆ ಚೇತನ ಕೊಡುವುದೆಂದು ಅವನ ನಂಬಿಕೆ. ಉರಿಯನ್ನು ಉಣ್ಣಬೇಕಾದ ದೇಹವು ಅವನದಾಗಿರಲಿಲ್ಲವಷ್ಟೆ!

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ವೈದ್ಯ ಹೆನ್ರಿ ಬೀಚರನು ೨೧೫ ಮಂದಿ ಗಾಯಾಳುಗಳನ್ನು ವಿಚಾರಿಸಿ ೧೯೪೬ರಲ್ಲಿ ವರದಿ ಪ್ರಕಟಿಸಿದನು. ಸುಮಾರು ಮುಕ್ಕಾಲು ಪಾಲು ಜನರು ನೋವಿನ ಮದ್ದು ಬೇಡವೆಂದಿದ್ದರು. ಸೈನಿಕನಿಗೆ ನೋವೇ ಇಲ್ಲವೆಂದು ಇದರಿಂದ ತೀರ್ಮಾನಿಸುವುದು ಅವಿವೇಕವು. ಸಾವಿನ ದವಡೆಯಿಂದ ಪಾರಾದೆನೆಂಬ ಸಮಾಧಾನವು ನೋವನ್ನು ತಗ್ಗಿಸಬಲ್ಲದು. ಆದುದರಿಂದ ಮದ್ದನ್ನು ಗಾಯ ನೋಡಿ ಅಳೆಯದೆ, ಮನುಷ್ಯನನ್ನು ಕೇಳಿ ಅಳೆಯಬೇಕೆಂಬುದೇ ಇದರ ತಾತ್ಪರ್ಯವು. ಉಳಿದ ಕಾಲು ಪಾಲಿನವರ ನರಳಾಟವೂ ಸುಳ್ಳಲ್ಲ.

ಬೀಚರನು ಇನ್ನೊಂದು ಅಪಾಯವನ್ನೂ ತೋರಿಸಿಕೊಟ್ಟನು. ರಕ್ತ ಸೋರಿ ಮೈ ತಣ್ಣಗಾದವನಿಗೆ ಚರ್ಮದಡಿ ಚುಚ್ಚಿದ ಮಾರ್ಫಿನ್ ಅಲ್ಲಿಯೇ ನಿಲ್ಲುವುದು. ನೋವು ಇಳಿಯಲಿಲ್ಲವೆಂದು ಮತ್ತೆ ಮತ್ತೆ ಚುಚ್ಚಿದರೆ, ಮೈ ಬೆಚ್ಚಗಾಗಿ ರಕ್ತವು ಹರಿದೊಡನೆ ಅದೆಲ್ಲವೂ ಒಮ್ಮೆಲೇ ಏರಿ ಉಸಿರನ್ನೇ ಅಡಗಿಸಬಹುದು. ಕರುಣೆಗೂ ಕಲಿಕೆ ಬೇಕು. ಇಂದು ಅಮೆರಿಕದ ಸೇನೆಯ ರಣಚಿಕಿತ್ಸಾ ನಿಯಮಗಳಲ್ಲಿ ಈ ವಿವೇಕವು ನೆಲೆಗೊಂಡಿದೆ: ಇನ್ನೂ ಹೋರಾಡಬಲ್ಲವನಿಗೆ ಬುದ್ಧಿ ಮಂಕಾಗಿಸದ ಗುಳಿಗೆ, ರಕ್ತಸ್ರಾವದಿಂದ ಕುಸಿದವನಿಗೆ ಅಫೀಮಿನ ವರ್ಗದ ಮದ್ದಲ್ಲ, ಕೆಟಮೀನ್.

ನೋವು ಗಾಯದೊಡನೆಯೇ ಮಾಯುವುದೆಂದು ತಿಳಿಯುವುದೂ ತಪ್ಪು. ಇರಾಕಿನಲ್ಲಿ ಗಾಯಗೊಂಡ ೬೯೬ ಮಂದಿ ಅಮೆರಿಕನ್ ಯೋಧರ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು ೨೦೧೦ರಲ್ಲಿ ಪ್ರಕಟವಾಯಿತು. ಮುಂದೆ ಯುದ್ಧದ ನೆನಪು ಬಿಡದೆ ಕಾಡುವ ಮನೋವ್ಯಾಧಿಗೆ ತುತ್ತಾದವರಲ್ಲಿ ಶೇಕಡಾ ೬೧ ಮಂದಿಗೆ ಆರಂಭದಲ್ಲಿ ಮಾರ್ಫಿನ್ ದೊರೆತಿದ್ದಿತು. ತುತ್ತಾಗದವರಲ್ಲಿ ಶೇಕಡಾ ೭೬ ಮಂದಿಗೆ. ಇದೊಂದರಿಂದಲೇ ಕಾರ್ಯಕಾರಣವು ಸಿದ್ಧವಾಗದು. ಆದರೆ ಅಸಡ್ಡೆಗೆ ಇದು ತಕ್ಕ ಎಚ್ಚರಿಕೆಯು.

ನೋವನ್ನು ನೀಗುವುದು ದಾನವಲ್ಲ. ಅದು ಚಿಕಿತ್ಸೆಯ ಅಂಗವು, ಗಾಯಾಳುವಿನ ಹಕ್ಕು. ಮಕ್ಕಳಿಗೆ ಶೌರ್ಯದ ಕಥೆಗಳನ್ನು ಹೇಳುವ ಉಪಾಧ್ಯಾಯ ಮಹನೀಯರಲ್ಲಿ ನಮ್ಮ ಬಿನ್ನಹವಿಷ್ಟೆ: ವೀರನು ನರಳಲಿಲ್ಲವೆಂದು ಕೊಂಡಾಡುವ ಮುನ್ನ, ನೋಯುತ್ತಿದೆಯೇ ಎಂದು ಅವನನ್ನು ಯಾರಾದರೂ ಕೇಳಿದರೇ ಎಂಬುದನ್ನು ವಿಚಾರಿಸಿರಿ.