ಬಿರುಗಾಳಿಯ ದಾರಿಯೂ ಘಟ್ಟದ ಮೇಲಿನ ಅಂಗಳವೂ

ಕಡಲಿನಲ್ಲಿ ವಾಯುಭಾರ ಕುಸಿದಿದೆಯೆಂಬ ವಾರ್ತೆ ಬಂದೊಡನೆ ಬಿಳಗಿಯ ತೋಟಿಗನು ಕೇಳುವ ಪ್ರಶ್ನೆ ಒಂದೇ: ಅದು ನಮ್ಮ ಕಡೆಗೆ ಬರುವುದೋ ಇಲ್ಲವೋ? ಈ ಪ್ರಶ್ನೆ ಸಹಜವಾದುದು. ಮೇ ತಿಂಗಳ ಕೊನೆಯಾದರೆ ಆತನು ಕೊಳೆರೋಗದ ಮದ್ದಿಗೆಂದು ಮೈಲುತುತ್ತ ಸುಣ್ಣಗಳನ್ನು ತಂದಿಟ್ಟುಕೊಂಡು ಕೊನೆಗೌಡನ ದಾರಿ ಕಾಯುತ್ತಿರುತ್ತಾನೆ. ಡಿಸೆಂಬರ ತಿಂಗಳ ಮೊದಲ ವಾರವಾದರೆ ಆತನ ವರ್ಷದ ದುಡಿಮೆಯೆಲ್ಲ ಬಿಸಿಲನ್ನು ನಂಬಿ ಅಂಗಳದಲ್ಲಿ ಹರಡಿಕೊಂಡು ಬಿದ್ದಿರುತ್ತದೆ. ಇಂಥವನಿಗೆ ಹವಾಮಾನ ಖಾತೆಯವರು ಕೊಡುವ ಉತ್ತರವಾದರೋ, ವಾಯವ್ಯಕ್ಕೆ ಸಾಗುವ ಸಂಭವವಿದೆ, ಉತ್ತರಕ್ಕೆ ತಿರುಗಿದರೂ ತಿರುಗಬಹುದು, ಮುಂದಿನ ಸೂಚನೆಯನ್ನು ಕಾಯಿರಿ, ಎಂಬ ತೆರನಾದುದು. ತೋಟಿಗನು ನಗುತ್ತಾನೆ. ಇದಕ್ಕಿಂತ ಪಂಚಾಂಗವೇ ವಾಸಿ, ಅದರಲ್ಲಿ ಇಷ್ಟು ಕೊಳಗ ಮಳೆಯೆಂದು ಖಂಡಿತವಾಗಿ ಬರೆದಿರುತ್ತದೆ ಎನ್ನುತ್ತಾನೆ.

ಈ ನಗೆಯು ಅನ್ಯಾಯದ್ದೆಂದು ನಾವು ಹೇಳಬೇಕಾಗಿದೆ. ಆದರೆ ಅದಕ್ಕೆ ತೋಟಿಗನನ್ನು ದೂರುವುದು ನಮ್ಮ ಉದ್ದೇಶವಲ್ಲ. ಖಾತೆಯವರ ಉತ್ತರದಲ್ಲಿ ಸಂಶಯವಿರುವುದು ದೋಷವೇ ಅಲ್ಲ. ಆ ಸಂಶಯವು ತನ್ನ ಅಳತೆಯೊಡನೆ ಘಟ್ಟ ಹತ್ತಿ ನಮ್ಮ ಊರವರೆಗೆ ತಲುಪದಿರುವುದೇ ದೋಷ.

ಮೊದಲು ಬಿರುಗಾಳಿಯ ನಡೆ ಎಂಥದೆಂಬುದನ್ನು ತಿಳಿಯುವುದು ಅವಶ್ಯ. ಚಂಡಮಾರುತವು ತನ್ನ ಇಚ್ಛೆಯಿಂದ ನಡೆಯುವ ವಸ್ತುವಲ್ಲ. ಮಳೆಗಾಲದ ಅಘನಾಶಿನಿಯಲ್ಲಿ ಒಂದು ಸುಳಿ ತಿರುಗುತ್ತಲೇ ಪ್ರವಾಹದೊಡನೆ ಹೇಗೆ ಸಾಗುವುದೋ ಹಾಗೆ ಅದು ಮೇಲಿನ ವಾಯುಪ್ರವಾಹದ ವಶವಾಗಿ ಸಾಗುತ್ತದೆ. ಅರಬ್ಬೀ ಸಮುದ್ರದಲ್ಲಿ ಈ ಪ್ರವಾಹವು ಒಂದೇ ತೆರನಾಗಿರುವುದಿಲ್ಲ. ಒಂದು ಕಡೆ ಅರಬಸ್ಥಾನದ ಮೇಲಿನ ಅಧಿಕ ಒತ್ತಡ, ಇನ್ನೊಂದು ಕಡೆ ಹಿಂದುಸ್ಥಾನದ ಮೇಲಿನ ಅಧಿಕ ಒತ್ತಡ, ಉತ್ತರದಲ್ಲಿ ಪಶ್ಚಿಮದಿಂದ ಹಾಯ್ದು ಬರುವ ಗಾಳಿಗಳು. ಇವುಗಳಲ್ಲಿ ಯಾವುದು ಗೆದ್ದರೆ ಸುಳಿಯು ಅತ್ತ ಸಾಗುವುದು. ಎರಡು ಸಮಬಲವಾದರೆ ಅದು ನಿಂತಲ್ಲಿಯೇ ನಿಲ್ಲುವುದು, ಅಥವಾ ಬಂದ ದಾರಿಗೆ ಬೆನ್ನು ತಿರುಗಿಸುವುದು. ಕಡಲಿನ ಮೇಲೆ ಗಾಳಿಯನ್ನಳೆಯುವ ಠಾಣ್ಯಗಳು ವಿರಳ; ಉಪಗ್ರಹಗಳು ಮೋಡವನ್ನು ಕಾಣುತ್ತವೆ, ಮೋಡದೊಳಗಿನ ಎಲ್ಲವನ್ನೂ ಕಾಣಲಾರವು. ಇಂದು ಅಳತೆಯಲ್ಲಾದ ಸಣ್ಣ ಅಂತರವು ಮೂರು ದಿನಗಳಲ್ಲಿ ದೊಡ್ಡದಾಗಿ ಬೆಳೆಯುತ್ತದೆ.

ಈ ಬೆಳವಣಿಗೆಯನ್ನು ಖಾತೆಯವರು ಮುಚ್ಚಿಟ್ಟಿಲ್ಲವೆಂಬುದನ್ನು ಮೆಚ್ಚಬೇಕು. 1875ರಲ್ಲಿ ಹುಟ್ಟಿದ ಈ ಖಾತೆಯು 2009ರಿಂದ ಬಿರುಗಾಳಿಯ ದಾರಿಯೊಡನೆ ಕಹಳೆಯ ಬಾಯಿಯಂತೆ ಮುಂದೆ ಮುಂದೆ ಅಗಲವಾಗುತ್ತ ಹೋಗುವ ಒಂದು ಆಕೃತಿಯನ್ನೂ ನಕ್ಷೆಯಲ್ಲಿ ಬರೆದು ಪ್ರಕಟಿಸುತ್ತಿದೆ. ಹಿಂದಿನ ವರ್ಷಗಳ ಮುನ್ಸೂಚನೆಗಳು ಸರಾಸರಿ ಎಷ್ಟು ತಪ್ಪಿದ್ದವೆಂಬುದನ್ನು ಲೆಕ್ಕಹಾಕಿ ಈ ಅಗಲವನ್ನು ಗೊತ್ತುಪಡಿಸುತ್ತಾರೆ. ಈಚಿನ ವರ್ಷಗಳಲ್ಲಿ ಒಂದು ದಿನ ಮುಂಚೆ ಹೇಳಿದ ಸ್ಥಾನಕ್ಕೂ ನಿಜವಾದ ಸ್ಥಾನಕ್ಕೂ ಅಂತರ ಸರಾಸರಿ 80 ಕಿಲೋಮೀಟರುಗಳ ಆಸುಪಾಸು. ಮೂರು ದಿನ ಮುಂಚೆ ಹೇಳಿದ್ದಕ್ಕೆ ಸುಮಾರು 160. ವಿದ್ಯೆಯ ದೃಷ್ಟಿಯಿಂದ ಇದು ಸಾಮಾನ್ಯ ಸಾಧನೆಯಲ್ಲ. ಆದರೆ ಬಿಳಗಿಯಿಂದ ಕುಮಟೆಯ ಕಡಲು ನೇರವಾಗಿ ಅಳೆದರೆ 50 ಕಿಲೋಮೀಟರ್ ಸಹ ಆಗದು! ಮೇಲಾಗಿ ನಮ್ಮ ಕರಾವಳಿಯು ದಕ್ಷಿಣೋತ್ತರವಾಗಿ ಚಾಚಿಕೊಂಡಿದೆ, ಬಿರುಗಾಳಿಗಳು ಸಹ ಅದಕ್ಕೆ ಸರಿಜೋಡಿಯಾಗಿ ಉತ್ತರಕ್ಕೆ ಸಾಗುತ್ತವೆ. ಓಡಿಶಾದ ಕರಾವಳಿಗೆ ಎದುರಾಗಿ ಬರುವ ಬಿರುಗಾಳಿ ನೂರು ಕಿಲೋಮೀಟರ್ ಅತ್ತಿತ್ತಾದರೆ ಈ ಬಂದರಿನ ಬದಲು ಆ ಬಂದರಕ್ಕೆ ಹೊಡೆಯುತ್ತದೆ, ಅಷ್ಟೇ. ನಮ್ಮಲ್ಲಿ ಅದೇ ನೂರು ಕಿಲೋಮೀಟರ್ ಪೂರ್ವಕ್ಕೆ ಸರಿದರೆ ಕಾರವಾರದ ಮಾಡು ಹಾರುತ್ತದೆ. ಪಶ್ಚಿಮಕ್ಕೆ ಸರಿದರೆ ತೆರೆಗಳ ಮೊರೆತದ ಹೊರತು ಏನೂ ಇಲ್ಲ.

ದೃಷ್ಟಾಂತಗಳಿಗೆ ದೂರ ಹೋಗಬೇಕಾಗಿಲ್ಲ. 2021ರ ಮೇ 14ರಂದು ಲಕ್ಷದ್ವೀಪದ ಬಳಿ ಕಂಡುಬಂದ ಕುಸಿತವು ತೌಕ್ತೆ ಎಂಬ ಹೆಸರು ಪಡೆದು, 16ರ ಮುಂಜಾನೆ ಗೋವೆಯ ಪಣಜಿಯಿಂದ 150 ಕಿಲೋಮೀಟರಿಗಿಂತ ಕಡಮೆ ದೂರದಲ್ಲಿ ಹಾಯ್ದು, 17ರ ರಾತ್ರಿ ಸೌರಾಷ್ಟ್ರದ ಊನಾದ ಬಳಿ ನೆಲ ಮುಟ್ಟಿತು. ಅದರ ಕಣ್ಣು ನಮ್ಮ ಜಿಲ್ಲೆಯ ದಂಡೆಯನ್ನು ಮುಟ್ಟಲೇ ಇಲ್ಲ. ಆದರೂ ಭಟ್ಕಳದಿಂದ ಕಾರವಾರದವರೆಗೆ ಮನೆಗಳೂ ವಿದ್ಯುತ್ ಕಂಬಗಳೂ ಉರುಳಿದವು. ಅದೇ ಬಿರುಗಾಳಿಯು ಮುಂಬಯಿಯ ಹೊರಗಡಲಿನಲ್ಲಿ ತೈಲದ ಕೆಲಸದವರಿದ್ದ ನಾವೆಗಳನ್ನು ಮುಳುಗಿಸಿ ಎಪ್ಪತ್ತಕ್ಕಿಂತ ಹೆಚ್ಚು ಜನರನ್ನು ಬಲಿತೆಗೆದುಕೊಂಡಿತು. ಎಚ್ಚರಿಕೆಯು ದಿನಗಟ್ಟಲೆ ಮುಂಚೆಯೇ ಹೊರಟಿತ್ತು.

2019ರ ಜೂನದಲ್ಲಿ ವಾಯು ಚಂಡಮಾರುತವು ಇದಕ್ಕೆ ವಿಪರೀತವಾಗಿ ವರ್ತಿಸಿತು. ವೇರಾವಳದ ಬಳಿ 13ರಂದು ನೆಲ ಮುಟ್ಟುವುದೆಂದು ತಿಳಿದು ಗುಜರಾತದವರು ಮೂರು ಲಕ್ಷದಷ್ಟು ಜನರನ್ನು ಸ್ಥಳಾಂತರಿಸಿದರು. ಅದು ದಂಡೆಯ ಸಮೀಪಕ್ಕೆ ಬಂದು ಪಶ್ಚಿಮಕ್ಕೆ ಹೊರಳಿ ಕಡಲಿನಲ್ಲಿಯೇ ಕ್ಷೀಣಿಸಿತು. ಜನರನ್ನು ವೃಥಾ ಎಬ್ಬಿಸಿದರೆಂದು ಆಡಿಕೊಂಡವರುಂಟು. ಅಂಥವರು 1999ರಲ್ಲಿ ಓಡಿಶಾದಲ್ಲಿ ಮಡಿದ ಸುಮಾರು ಹತ್ತು ಸಾವಿರ ಜನರನ್ನು ನೆನೆಯಬೇಕು. 2013ರ ಫೈಲಿನ್ ಚಂಡಮಾರುತ ಅದೇ ನಾಡಿಗೆ ಬಂದಾಗ ಲಕ್ಷಗಟ್ಟಲೆ ಜನರನ್ನು ಮುಂಚಿತವಾಗಿ ಎಬ್ಬಿಸಿದುದರಿಂದ ಸತ್ತವರ ಸಂಖ್ಯೆ ಐವತ್ತನ್ನು ಮುಟ್ಟಲಿಲ್ಲ. 2023ರ ಬಿಪರ್ಜೋಯ್ ಅಂತೂ ಜೂನ 6ರಿಂದ ಒಂಬತ್ತು ದಿನ ಕಡಲಿನಲ್ಲಿ ಅಲೆದಾಡಿತು. ಒಮಾನಕ್ಕೆಂದು ಒಂದು ಗಣಿತ, ಸಿಂಧಕ್ಕೆಂದು ಇನ್ನೊಂದು, ಕಚ್ಛಕ್ಕೆಂದು ಮತ್ತೊಂದು. ಕೊನೆಗೆ 15ರಂದು ಕಚ್ಛದ ಜಖಾವ್ ಬಂದರದ ಬಳಿ ಏರಿತು. ನಮಗೆ ಅದರಿಂದ ಬಂದ ಪೆಟ್ಟು ಗಾಳಿಯದಲ್ಲ. ಮುಂಗಾರಿನ ನೀರಾವಿಯನ್ನು ಅದು ತನ್ನತ್ತ ಸೆಳೆದುಕೊಂಡಿತು. ಆ ವರ್ಷದ ಮೃಗಶಿರ ಮಳೆ ಬಡವಾಯಿತು.

ನಮ್ಮ ತಾಲೂಕಿನವರು ವಿಶೇಷವಾಗಿ ಲಕ್ಷ್ಯಕೊಡಬೇಕಾದುದು 2024ರ ಫೆಂಗಲ್ ಚಂಡಮಾರುತಕ್ಕೆ. ಅದು ಹುಟ್ಟಿದ್ದು ಬಂಗಾಲದ ಉಪಸಾಗರದಲ್ಲಿ, ನಮ್ಮ ಬೆನ್ನಿನ ಕಡೆಗೆ. ಅದು ಚಂಡಮಾರುತವಾಗುವುದೋ, ಕುಸಿತವಾಗಿಯೇ ನೆಲ ಸೇರುವುದೋ ಎಂಬುದೇ ಕೊನೆಯ ಎರಡು ದಿನಗಳವರೆಗೆ ತೂಗುಯ್ಯಾಲೆಯಲ್ಲಿತ್ತು. ನವೆಂಬರ 30ರ ರಾತ್ರಿ ಪುದುಚೇರಿಯ ಬಳಿ ನೆಲಕ್ಕೆ ಬಂದು ತಾಸುಗಟ್ಟಲೆ ಅಲ್ಲಿಯೇ ನಿಂತಿತು. ಆ ಊರಿನಲ್ಲಿ ಒಂದು ದಿನಕ್ಕೆ 45 ಸೆಂಟಿಮೀಟರಿಗಿಂತ ಹೆಚ್ಚು ಮಳೆ. ಅನಂತರ ಬಲಗುಂದಿ, ಹೆಸರು ಕಳೆದುಕೊಂಡು, ತಮಿಳುನಾಡನ್ನು ಅಡ್ಡಹಾಯ್ದು ಡಿಸೆಂಬರ 3ರ ಸುಮಾರಿಗೆ ಪಶ್ಚಿಮದ ಕಡಲನ್ನು ಸೇರಿತು. ಹಾಗೆ ದಾಟುವಾಗ ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಅಕಾಲ ಮಳೆ ಸುರಿಸಿತು.

ಆ ಹೊತ್ತಿಗೆ ನಮ್ಮಲ್ಲಿ ಯಾವ ಕಾಲ? ಕೊಯ್ಲಿನ ಕಾಲ. ಚಾಲಿಗೆಂದು ಹರಡಿದ ಹಣ್ಣಡಿಕೆಗೆ ನಲವತ್ತು ದಿನಗಳಿಗಿಂತ ಕಡಮೆಯಿಲ್ಲದ ಬಿಸಿಲು ಬೇಕು. ಅರೆ ಒಣಗಿದ ಅಡಿಕೆ ಒಂದು ರಾತ್ರಿ ನೆನೆದರೆ ಬೂಸಲು ಹಿಡಿಯುತ್ತದೆ. ಶಿರಸಿಯ ಪೇಟೆಯಲ್ಲಿ ಚಾಲಿಯೆಂದು ಮಾರಬೇಕಾದುದನ್ನು ಬಿಳಿಗೋಟೆಂದೋ ಕೋಕಾ ಎಂದೋ ಮಾರಬೇಕಾಗುತ್ತದೆ. ಹೆಸರು ಕಳೆದುಕೊಂಡ ಬಿರುಗಾಳಿಯಲ್ಲಿ ವಾರ್ತೆಯ ರುಚಿ ಕಡಮೆಯೆಂಬುದನ್ನು ಪತ್ರಿಕಾವ್ಯವಸಾಯದವರಾದ ನಾವು ಬಲ್ಲೆವು. ತೋಟಿಗನ ಅಂಗಳಕ್ಕೆ ಮಾತ್ರ ಹೆಸರಿದ್ದ ಮಳೆ ಬೇರೆ, ಹೆಸರಿಲ್ಲದ ಮಳೆ ಬೇರೆಯಲ್ಲ.

ಇನ್ನು ಸಂಶಯದಿಂದ ಆಗುವ ಉಪಯೋಗವೇನೆಂದು ಕೇಳುವವರಿಗೆ ಈ ಅಂಗಳದಲ್ಲಿಯೇ ಉತ್ತರವಿದೆ. ಹತ್ತರಲ್ಲಿ ಮೂರು ಪಾಲು ಮಳೆಯ ಸಂಭವವೆಂದು ಸೋಮವಾರ ಮುಂಜಾನೆ ತಿಳಿಯಿತೆನ್ನೋಣ. ಅಡಿಕೆಯನ್ನು ಬಾಚಿ ಅಟ್ಟಕ್ಕೇರಿಸಿದರೆ ಎರಡಾಳಿನ ಒಂದು ದಿನದ ಕೂಲಿ ಹೋಗುತ್ತದೆ. ಬಾಚದೆ ಬಿಟ್ಟು ಮಳೆ ಬಂದರೆ ಕ್ವಿಂಟಾಲಿನ ಮೇಲೆ ಸಾವಿರಗಟ್ಟಲೆ ರೂಪಾಯಿ ಹೋಗುತ್ತದೆ. ಲೆಕ್ಕ ಬಲ್ಲ ಯಾವ ಹವ್ಯಕನೂ ಯಾವ ನಾಮಧಾರಿಯೂ ಇದರಲ್ಲಿ ತಡವರಿಸಲಾರನು. ಇನ್ನೂ ಹಸಿಯಾಗಿದ್ದ ಅಡಿಕೆಯಾದರೆ ಆತನು ಬೇರೆ ಲೆಕ್ಕ ಹಾಕಿಯಾನು. ಮೇ ತಿಂಗಳಿನಲ್ಲಿಯೂ ಇದೇ ಮಾತು. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ನರು ಶತಮಾನದ ಹಿಂದೆ ಪ್ರಚಾರಕ್ಕೆ ತಂದ ಬೋರ್ಡೋ ಮದ್ದು ಕೊನೆಗೆ ಹತ್ತಿ ಒಣಗಲು ಕೆಲವು ತಾಸು ಮಳೆಯಿಲ್ಲದ ಹೊತ್ತು ಬೇಕು. ಕೊನೆಗೌಡರು ವಿರಳವಾದ ಈ ದಿನಗಳಲ್ಲಿ ಯಾರ ತೋಟಕ್ಕೆ ಯಾವ ದಿನವೆಂದು ವಾರ ಮುಂಚೆಯೇ ಗೊತ್ತುಮಾಡಬೇಕಾಗುತ್ತದೆ. ಇಲ್ಲಿ 'ಬರುತ್ತದೆ', 'ಬರುವುದಿಲ್ಲ' ಎಂಬ ಎರಡೇ ಮಾತುಗಳಿಂದ ಕೆಲಸ ಸಾಗದು. ಎಷ್ಟು ಸಂಭವ, ಯಾವ ದಿನದಿಂದ, ಎಷ್ಟು ದಿನ, ಎಂಬುದು ಬೇಕು.

ಇದು ತಲುಪುತ್ತಿಲ್ಲ. ಮೊದಲನೆಯ ಅಪರಾಧಿಗಳು ನಮ್ಮ ವ್ಯವಸಾಯದವರೇ. ಕಹಳೆಯ ಬಾಯಿಯಷ್ಟು ಅಗಲವಾದ ಆಕೃತಿಯನ್ನು ದೂರದರ್ಶನ ವಾಹಿನಿಗಳೂ ಅನೇಕ ಪತ್ರಿಕೆಗಳೂ ಒಂದು ಕೆಂಪು ಗೆರೆಯಾಗಿ ಸಣ್ಣಗೆ ಮಾಡಿ, ಕರಾವಳಿಗೆ ಅಪ್ಪಳಿಸಲಿದೆಯೆಂದು ದಪ್ಪಕ್ಷರದಲ್ಲಿ ಸಾರುತ್ತವೆ. ಗೆರೆಯ ಮೇಲೆ ಬಿರುಗಾಳಿ ನಡೆಯದಿದ್ದರೆ ಖಾತೆ ಸುಳ್ಳಾಡಿತೆಂದು ಜನರಿಗೆ ತೋರುತ್ತದೆ. ಆ ಆಕೃತಿಯು ಬಿರುಗಾಳಿಯ ನಡುವಿನ ದಾರಿಯನ್ನು ಮಾತ್ರ ತೋರಿಸುವುದು, ಅದರ ಹೊರಗೂ ಮಳೆ ಗಾಳಿಗಳುಂಟು, ಎಂಬುದನ್ನು ಹೇಳುವವರೇ ಇಲ್ಲ.

ಎರಡನೆಯದು ಆಡಳಿತದ ಪದ್ಧತಿ. ಹಳದಿ, ಕಿತ್ತಳೆ, ಕೆಂಪು ಎಂಬ ಎಚ್ಚರಿಕೆಯ ಬಣ್ಣಗಳು ಜಿಲ್ಲೆಗೊಂದರಂತೆ ಬರುತ್ತವೆ. ನಮ್ಮ ಜಿಲ್ಲೆಯಲ್ಲಿ 12 ತಾಲೂಕುಗಳು. ಕಡಲು ಕಾಲಿಗೆ ತಾಗುವ ಹೊನ್ನಾವರಕ್ಕೂ, ಘಟ್ಟದ ಮೇಲಿನ ಸಿದ್ದಾಪುರಕ್ಕೂ, ಬಯಲುಸೀಮೆಗೆ ಹೊಂದಿದ ಮುಂಡಗೋಡಕ್ಕೂ ಒಂದೇ ಬಣ್ಣವೆಂದರೆ ಅದರ ಅರ್ಥವೇನು? ಬಿದ್ದ ಮಳೆಯನ್ನಳೆಯುವುದಕ್ಕಾದರೆ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತಿಗಳಲ್ಲಿ ಮಾಪಕಗಳನ್ನಿಟ್ಟಿದೆ. ಅಡಿಕೆಯ ಬೆಳೆವಿಮೆಯೂ ಅವುಗಳನ್ನವಲಂಬಿಸಿದೆ. ಹಾನಿಯಾದ ಮೇಲೆ ಪಂಚಾಯತಿಯ ಲೆಕ್ಕ, ಹಾನಿಯಾಗುವ ಮುಂಚೆ ಜಿಲ್ಲೆಯ ಲೆಕ್ಕ! ಕಡಲಿನವರಿಗೂ ಈ ವಿಷಯದಲ್ಲಿ ನ್ಯಾಯ ದೊರೆತದ್ದು ಪ್ರಾಣ ತೆತ್ತ ಮೇಲೆಯೇ. 2017ರ ಒಖಿ ಚಂಡಮಾರುತವು ಒಂದು ದಿನದೊಳಗೆ ಬಲಿತು ಕೇರಳ ತಮಿಳುನಾಡುಗಳ ನೂರಾರು ಮೀನುಗಾರರನ್ನು ನುಂಗಿದ ತರುವಾಯ, 2018ರಲ್ಲಿ, ತಿರುವನಂತಪುರದಲ್ಲಿ ಕೇರಳ ಕರ್ನಾಟಕಗಳಿಗಾಗಿ ಎಚ್ಚರಿಕೆ ಕೇಂದ್ರವಾಯಿತು.

ಹೊಸ ಕಚೇರಿಯನ್ನೇನೂ ನಾವು ಕೇಳುತ್ತಿಲ್ಲ. ಬಿರುಗಾಳಿ ಎರಡೂ ಕಡಲುಗಳಲ್ಲಿ ಎಲ್ಲಿಯೇ ಹುಟ್ಟಲಿ, ಅದು ಹುಟ್ಟಿದಂದಿನಿಂದ ಹೆಸರಿಲ್ಲದೆ ಅಳಿಯುವವರೆಗೆ ದಿನಕ್ಕೆ ಎರಡು ಸಲ, ಘಟ್ಟದ ಮೇಲಿನ ತಾಲೂಕುಗಳಿಗೆ ಬೇರೆಯಾಗಿ, ಐದು ದಿನಗಳ ಮಳೆಯ ಸಂಭವವನ್ನು ಹತ್ತರಲ್ಲಿ ಇಷ್ಟು ಪಾಲೆಂದು ಕನ್ನಡದಲ್ಲಿ ಕೊಡಬೇಕು. ಹಿಂದಿನ ದಿನ ಹೇಳಿದುದಕ್ಕಿಂತ ಏನು ಬದಲಾಯಿತು, ಏತಕ್ಕೆ ಬದಲಾಯಿತು, ಎಂಬ ಒಂದು ಸಾಲು ಅದರೊಡನೆ ಇರಬೇಕು. ಈ ಒಂದು ಸಾಲಿನಿಂದ ಹುಟ್ಟುವ ವಿಶ್ವಾಸ ಹತ್ತು ಬಣ್ಣಗಳಿಂದ ಹುಟ್ಟದು. ಮೊಬೈಲಿನ ಸಂಕೇತ ದೊರೆಯದ ಹಳ್ಳಿಗಳು ನಮ್ಮ ಕಾಡುಗಳಲ್ಲಿ ಇನ್ನೂ ಇರುವುದರಿಂದ ಕಾರವಾರದ ಆಕಾಶವಾಣಿಯಲ್ಲಿ ಅದನ್ನು ಓದಬೇಕು. ಪಂಚಾಯತಿಯ ಹಲಗೆಯ ಮೇಲೆಯೂ ಸಹಕಾರ ಸಂಘಗಳ ಬಾಗಿಲಿನಲ್ಲಿಯೂ ಬರೆಯಿಸಬೇಕು. ಅಡಿಕೆಯ ಧಾರಣೆಯನ್ನು ದಿನಾಲು ಬರೆಯುವ ಹಲಗೆ ಸಂಘಗಳಲ್ಲಿ ಇದ್ದೇ ಇದೆ. ಜಿಲ್ಲಾಧಿಕಾರಿಗಳು ಮುಂಬರುವ ಮೇ ತಿಂಗಳಿಗೆ ಮುಂಚೆ ಸಂಘಗಳ ಮುಖಂಡರನ್ನೂ ಪಂಚಾಯತಿಗಳವರನ್ನೂ ಕರೆದು ಇದನ್ನು ಗೊತ್ತುಮಾಡಬೇಕೆಂದು ನಾವು ಆಗ್ರಹಪಡಿಸುತ್ತೇವೆ.