ಲೆಕ್ಕ ಕೇಳೋದು ಕಲಿಯೋಣ



ನಮ್ಮ ಅಜ್ಜಂದಿರ ಕಾಲದಲ್ಲಿ ಲೆಕ್ಕದ ಪುಸ್ತಕ ಧಣಿ ಮನೆಯಲ್ಲಿರುತ್ತಿತ್ತು. ಜೀತಕ್ಕಿದ್ದವನು ಎಷ್ಟು ವರ್ಷ ದುಡಿದರೂ ಸಾಲ ಹಾಗೇ ನಿಂತಿರುತ್ತಿತ್ತು. ಯಾಕೆಂದರೆ ಬರೆಯೋನೂ ಧಣಿ, ಓದೋನೂ ಧಣಿ. 1976ರಲ್ಲಿ ಜೀತ ರದ್ದತಿ ಕಾಯ್ದೆ ಬಂತು. ಪುಸ್ತಕ ಮಾತ್ರ ನಮ್ಮ ಕೈಗೆ ಬರಲಿಲ್ಲ. ಈಗ ಅದು ಕಂತು ವಸೂಲಿಗೆ ಬರೋ ಹುಡುಗನ ಮೊಬೈಲಿನಲ್ಲಿದೆ.

ಅವನು ಕೇರಿಗೆ ಬಂದು ಏನಂತಾನೆ? "ಅಕ್ಕಾ, ನೂರಕ್ಕೆ ತಿಂಗಳಿಗೆ ಒಂದೇ ರೂಪಾಯಿ." ಊರಿನ ಸಾವುಕಾರ ಐದು ರೂಪಾಯಿ ಕೇಳ್ತಾನೆ, ಅಂದರೆ ವರ್ಷಕ್ಕೆ ನೂರಕ್ಕೆ 60. ಅದರ ಮುಂದೆ ಈ ಒಂದು ರೂಪಾಯಿ ಧರ್ಮಕ್ಕೆ ಕೊಟ್ಟ ಹಾಗೆ ಕಾಣುತ್ತೆ. 10,000 ತಗೊಂಡರೆ ವರ್ಷಕ್ಕೆ 1,200 ಬಡ್ಡಿ. ಒಟ್ಟು 11,200, ತಿಂಗಳಿಗೆ 933ರಂತೆ ಹನ್ನೆರಡು ಕಂತು. ನೂರಕ್ಕೆ ಹನ್ನೆರಡು ತಾನೇ ಅಂತ ಹೆಬ್ಬೆಟ್ಟು ಒತ್ತಿಬಿಡ್ತೀವಿ.

ಒತ್ತೋ ಮುಂಚೆ ಒಂದು ಮಾತು ಕೇಳಬೇಕು. ಆ 10,000 ವರ್ಷಪೂರ್ತಿ ನಮ್ಮ ಕೈಲಿತ್ತಾ? ಇಲ್ಲ. ಮೊದಲ ಕಂತಿನಲ್ಲೇ ಅಸಲು 833 ವಾಪಸ್ ಹೋಯ್ತು. ಆರು ತಿಂಗಳಿಗೆ ಅರ್ಧ ಹೋಯ್ತು. ಕೊನೇ ತಿಂಗಳು ನಮ್ಮ ಹತ್ತಿರ ಉಳಿದದ್ದು ಬರೀ 833, ಬಡ್ಡಿ ಮಾತ್ರ ಪೂರಾ ಹತ್ತು ಸಾವಿರಕ್ಕೆ. ಹನ್ನೆರಡು ತಿಂಗಳ ಬಾಕಿಯನ್ನೂ ಕೂಡಿ ಹನ್ನೆರಡರಿಂದ ಭಾಗಿಸಿ ನೋಡಿ, ಸರಾಸರಿ 5,400ರ ಆಸುಪಾಸು ಬರುತ್ತೆ. ಅಷ್ಟಕ್ಕೆ 1,200 ಬಡ್ಡಿ ಅಂದರೆ ನೂರಕ್ಕೆ ಹನ್ನೆರಡಲ್ಲ, 22! ಫೀಸು, ವಿಮೆ ಅಂತ ಮೊದಲೇ ಮುರಕೊಂಡಿದ್ದರೆ ಅದಕ್ಕೂ ಮೇಲೆ.

ಇದನ್ನು ಮುಚ್ಚಿಡೋ ಹಾಗಿಲ್ಲ. ರಿಸರ್ವ್ ಬ್ಯಾಂಕಿನ ನಿಯಮ 2022ರ ಏಪ್ರಿಲಿನಿಂದಲೇ ಇದೆ: ಸಾಲ ಪಡೆಯೋರಿಗೆ ತಿಳಿಯೋ ಭಾಷೆಯಲ್ಲಿ, ಎಲ್ಲ ಖರ್ಚೂ ಸೇರಿ ವರ್ಷದ ಬಡ್ಡಿ ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆದು ಕೊಡಬೇಕು. ಎಲ್ಲ ಸಾಲಗಳ ಕಂತೂ ಸೇರಿ ಮನೆಯ ತಿಂಗಳ ವರಮಾನದ ಅರ್ಧ ಮೀರಬಾರದು. ಆ ಹಾಳೆ ಕೇಳಿ ಇಸ್ಕೊಂಡವರು ನಮ್ಮಲ್ಲಿ ಎಷ್ಟು ಜನ? 2025ರ ಮೊದಲಲ್ಲಿ ಚಾಮರಾಜನಗರದ ಕಡೆ ಕಂತು ಕಟ್ಟಲಾರದೆ ಜನ ಮನೆಗೆ ಬೀಗ ಜಡಿದು ಊರು ಬಿಟ್ಟರು. ಆಮೇಲೆ ಸರ್ಕಾರ ವಸೂಲಿ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ತಂತು. ತಂದದ್ದು ಒಳ್ಳೇದೇ. ಆದರೆ ಮನೆ ಮುಂದೆ ಬಂದು ಬೆದರಿಸಬೇಡ ಅನ್ನೋ ಕಾನೂನು, ಬಡ್ಡಿ ಲೆಕ್ಕ ಹಾಕಿಕೊಡೋದಿಲ್ಲ.

ನಮ್ಮ ಹುಡುಗರಿಗೂ ಇದೇ ಕತೆ. ಪಟ್ಟಣದ ಗೋಡೆ ಮೇಲೆ "ನಮ್ಮಲ್ಲಿ ಓದಿದ 200 ಜನಕ್ಕೆ ಸರ್ಕಾರಿ ನೌಕರಿ" ಅಂತ ಕೋಚಿಂಗ್ ಸೆಂಟರಿನ ಬೋರ್ಡು. ಅವ್ವನ ಓಲೆ ಅಡವಿಟ್ಟು ಫೀಸು ಕಟ್ತಾರೆ. ಎಷ್ಟು ಜನರಲ್ಲಿ 200? ಎಷ್ಟು ವರ್ಷದಲ್ಲಿ? 400ರಲ್ಲಿ 200 ಬೇರೆ, 20,000ದಲ್ಲಿ 200 ಬೇರೆ. ಎರಡನೆಯದಾದರೆ ನೂರಕ್ಕೆ ಒಬ್ಬ. ಆ ಒಬ್ಬನ ಫೋಟೋ ಗೋಡೆ ಮೇಲಿರುತ್ತೆ, ಉಳಿದ ತೊಂಬತ್ತೊಂಬತ್ತು ಜನ ಊರಿಗೆ ವಾಪಸ್ ಬಂದು ಗಾರೆ ಕೆಲಸಕ್ಕೆ ಹೋಗ್ತಿರ್ತಾರೆ.

ಇನ್ನು 'ಸರಾಸರಿ' ಅನ್ನೋ ಮಾತು ಕೇಳಿದ ಕೂಡಲೇ ಕಿವಿ ನೆಟ್ಟಗಾಗಬೇಕು. ಹತ್ತು ಮನೆ ಊರು. ಒಬ್ಬನಿಗೆ 41 ಎಕರೆ, ಒಂಬತ್ತು ಮನೆಗೆ ಒಂದೊಂದೆಕರೆ. ಸರಾಸರಿ ಐದೆಕರೆ! ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನಡುವಿನವನನ್ನು ಕೇಳಿ, ಅವನು ನಿಜ ಹೇಳ್ತಾನೆ. 2011ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ ನೂರಕ್ಕೆ 75, ಪರಿಶಿಷ್ಟ ಜಾತಿಯವರದ್ದು 65. ಹತ್ತೇ ಅಂತರ ಅಂತೀರಾ? ಆ 75ರೊಳಗೆ ನಾವೂ ಇದ್ದೀವಿ. ನಮ್ಮನ್ನು ತೆಗೆದು ನೋಡಿದರೆ ಉಳಿದವರದ್ದು 77 ದಾಟುತ್ತೆ.

ಬಾಬಾಸಾಹೇಬರು ಕಾನೂನಿಗಿಂತ ಮೊದಲು ಹೆಸರು ಮಾಡಿದ್ದು ಅರ್ಥಶಾಸ್ತ್ರದಲ್ಲಿ. 1918ರಲ್ಲಿ ಸಣ್ಣ ಹಿಡುವಳಿಗಳ ಬಗ್ಗೆ ಬರೆದಾಗ, ಬರೀ ಎಕರೆ ಎಣಿಸಿ ತೀರ್ಪು ಕೊಡೋರನ್ನ ಅಂಕಿಅಂಶ ಹಿಡಿದೇ ಪ್ರಶ್ನೆ ಮಾಡಿದರು.

ಮುಂದಿನ ಸಭೆಗೆ ಬರೋ ತಾಯಂದಿರು ಸಾಲದ ಕಾರ್ಡು ತನ್ನಿ. ಸ್ಕೂಲಿಗೆ ಹೋಗೋ ಮಕ್ಕಳಿದ್ದರೆ ಅವರನ್ನೂ ಕರಕೊಂಡು ಬನ್ನಿ, ಭಾಗಾಕಾರ ನಮಗಿಂತ ಅವರಿಗೇ ಚೆನ್ನಾಗಿ ಬರೋದು.