ದುಭಾಷಿಯ ಕೈ ನಿಲ್ಲುವವರೆಗೆ

ಮೇಷ್ಟ್ರು ಪ್ರಶ್ನೆ ಕೇಳುತ್ತಾರೆ. ಮುಂದಿನ ಸಾಲಿನಲ್ಲಿ ನಾಲ್ಕೈದು ಕೈ ತಟ್ಟನೆ ಮೇಲೇಳುತ್ತವೆ. ಮೇಷ್ಟ್ರು ಯಾರನ್ನೂ ಕರೆಯದೆ ಮೂರು ಸೆಕೆಂಡು, ನಾಲ್ಕು ಸೆಕೆಂಡು ಸುಮ್ಮನೆ ನಿಲ್ಲುತ್ತಾರೆ. ಅವರ ಪಕ್ಕದಲ್ಲೇ ನಿಂತ ದುಭಾಷಿ ಆ ಪ್ರಶ್ನೆಯನ್ನು ಕೈಗಳಲ್ಲಿ ಹೇಳಿ ಮುಗಿಸಬೇಕು. ದುಭಾಷಿಯ ಕೈ ಕೆಳಗಿಳಿದ ಮೇಲೆ ಎಡಗಡೆಯ ಸಾಲಿನಿಂದ ಇನ್ನೂ ಎರಡು ಕೈ ಮೇಲೆ ಬರುತ್ತವೆ. ಆಗ ಮೇಷ್ಟ್ರು ಒಬ್ಬರತ್ತ ಬೆರಳು ತೋರುತ್ತಾರೆ.

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ರಾಚೆಸ್ಟರ್ ಎಂಬ ಊರಿದೆ. ಅಲ್ಲಿನ ರಾಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ, ಅಂದರೆ ಆರ್‌ಐಟಿಯಲ್ಲಿ, ಒಳ್ಳೆಯ ಮೇಷ್ಟ್ರು ಪಾಠ ಮಾಡುವುದು ಹೀಗೆ. 17 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ನಡುವೆ ಸುಮಾರು 1,100 ಮಂದಿ ಕಿವುಡರು. ಎಂಜಿನಿಯರಿಂಗ್, ಕಂಪ್ಯೂಟರ್, ಫೋಟೊಗ್ರಫಿ, ವ್ಯವಹಾರ ಅಧ್ಯಯನ, ಯಾವ ತರಗತಿಗೆ ಹೋದರೂ ಇಬ್ಬರೋ ಮೂವರೋ ಎದುರಾಗಬಹುದು. ಆ ನಾಲ್ಕು ಸೆಕೆಂಡಿನ ಕಾಯುವಿಕೆ ಅಲ್ಲಿ ಸೌಜನ್ಯದ ಮಾತಲ್ಲ. ಅದು ಇಲ್ಲದಿದ್ದರೆ ಎಡಗಡೆಯ ಸಾಲಿನವರು ನಾಲ್ಕು ವರ್ಷವೂ ಒಂದು ಉತ್ತರ ಹೇಳದೆ ಪದವಿ ಮುಗಿಸಬೇಕಾಗುತ್ತದೆ.

'ಕಿವುಡ' ಎಂಬ ಪದದ ಬಗ್ಗೆ ಒಂದು ಮಾತು. ನಮ್ಮಲ್ಲಿ ಅದನ್ನು ಬೈಗುಳವಾಗಿ ಬಳಸಿ ಬಳಸಿ, ಸರ್ಕಾರಿ ಕಾಗದದಲ್ಲಿ 'ಶ್ರವಣದೋಷವುಳ್ಳವರು' ಎಂಬ ಪದ ಬಂತು. ಆದರೆ ಸಂಜ್ಞಾ ಭಾಷೆಯಲ್ಲಿ ಬದುಕುವ ಬಹಳ ಮಂದಿಗೆ ಆ 'ದೋಷ' ಹಿಡಿಸುವುದಿಲ್ಲ. ರಾಚೆಸ್ಟರ್‌ನವರು ತಮ್ಮನ್ನು ತಾವು ಡೆಫ್ ಎಂದೇ ಕರೆದುಕೊಳ್ಳುತ್ತಾರೆ. ಇಲ್ಲೂ ಕಿವುಡರು ಎಂದೇ ಬರೆದಿರುವುದು ಆ ಗೌರವದಿಂದ.

ಈ ಕಾಲೇಜಿಗೆ ಕಿವುಡರು ಬಂದ ಕಥೆ ಶುರುವಾಗುವುದು 1965ರಲ್ಲಿ. ಆ ವರ್ಷ ಜೂನ್ 8ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಒಂದು ಕಾಯ್ದೆಗೆ ಸಹಿ ಹಾಕಿದರು. ಕಿವುಡರಿಗಾಗಿ ರಾಷ್ಟ್ರೀಯ ತಾಂತ್ರಿಕ ಸಂಸ್ಥೆಯೊಂದನ್ನು, ಎನ್‌ಟಿಐಡಿಯನ್ನು, ಕಟ್ಟುವ ಕಾಯ್ದೆ. ಅಷ್ಟೊತ್ತಿಗಾಗಲೇ ವಾಷಿಂಗ್ಟನ್ನಿನಲ್ಲಿ ಗ್ಯಾಲೊಡೆಟ್ ಇತ್ತು. 1864ರಲ್ಲಿ ಅಬ್ರಹಾಂ ಲಿಂಕನ್ ಪದವಿ ಕೊಡುವ ಅಧಿಕಾರ ನೀಡಿದ, ಕಿವುಡರಿಗೆಂದೇ ಇರುವ ಕಾಲೇಜು ಅದು. ಆದರೆ ಅಲ್ಲಿ ಕಲಿಸುತ್ತಿದ್ದುದು ಹೆಚ್ಚಾಗಿ ಸಾಹಿತ್ಯ, ಚರಿತ್ರೆಯಂಥ ವಿಷಯಗಳನ್ನು. ಅಮೆರಿಕದ ಕಿವುಡರಲ್ಲಿ ಬಹಳ ಜನ ಹೊಟ್ಟೆ ಹೊರೆಯುತ್ತಿದ್ದುದು ಮುದ್ರಣಾಲಯಗಳಲ್ಲಿ. ದೊಡ್ಡ ಪತ್ರಿಕೆಗಳ ಲೈನೋಟೈಪ್ ಯಂತ್ರಗಳ ಮುಂದೆ ಸಾಲುಸಾಲಾಗಿ ಕಿವುಡರು ಕೂತಿರುತ್ತಿದ್ದರು. ಆ ಗದ್ದಲದಲ್ಲಿ ಕಿವಿ ಕೇಳುವವರು ಅರಚಾಡಿದರೂ ಒಬ್ಬರ ಮಾತು ಇನ್ನೊಬ್ಬರಿಗೆ ತಲುಪುತ್ತಿರಲಿಲ್ಲ, ಕಿವುಡರು ಮಾತ್ರ ಆರಾಮಾಗಿ ಕೈಯಲ್ಲಿ ಮಾತಾಡಿಕೊಂಡಿದ್ದರು. ಅಚ್ಚುಮೊಳೆಯ ಕಾಲ ಮುಗಿಯುತ್ತಾ ಬಂದಾಗ ಆ ಕೆಲಸಕ್ಕೇ ಸಂಚಕಾರ ಬಂತು. ಹೊಸ ಯಂತ್ರಗಳ ವಿದ್ಯೆ ಕಲಿಸುವ ಜಾಗ ಬೇಕಾಯಿತು.

1966ರಲ್ಲಿ ರಾಚೆಸ್ಟರ್ ಆಯ್ಕೆಯಾಯಿತು. ಕೊಡಾಕ್ ಮತ್ತು ಜೆರಾಕ್ಸ್ ಕಂಪನಿಗಳು ಹುಟ್ಟಿ ಬೆಳೆದ ಊರು. 1876ರಿಂದಲೇ ಅಲ್ಲಿ ಕಿವುಡ ಮಕ್ಕಳ ಶಾಲೆಯಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಸಂಸ್ಥೆಯನ್ನು ಬೇರೆ ಕಾಂಪೌಂಡಿನಲ್ಲಿ ಕಟ್ಟದೆ, ಕೇಳುವವರೇ ತುಂಬಿದ್ದ ತಾಂತ್ರಿಕ ಕಾಲೇಜಾದ ಆರ್‌ಐಟಿಯ ಒಡಲಲ್ಲೇ ಇಡಲಾಯಿತು. 1968ರಲ್ಲಿ ಸುಮಾರು 70 ವಿದ್ಯಾರ್ಥಿಗಳ ಮೊದಲ ತಂಡ ಬಂತು. ಅದಕ್ಕೂ ಮೊದಲು, 1964-65ರಲ್ಲಿ, ಅಮೆರಿಕದಲ್ಲಿ ರುಬೆಲ್ಲಾ ಸೋಂಕು ಹಬ್ಬಿತ್ತು. ಬಸುರಿನಲ್ಲಿ ಸೋಂಕು ತಗುಲಿದ ತಾಯಂದಿರಿಗೆ ಸುಮಾರು 20 ಸಾವಿರ ಮಕ್ಕಳು ತೊಂದರೆಗಳೊಂದಿಗೆ ಹುಟ್ಟಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಕಿವಿ ಕೇಳಿಸುತ್ತಿರಲಿಲ್ಲ. ಆ ಮಕ್ಕಳು ಕಾಲೇಜಿನ ವಯಸ್ಸಿಗೆ ಬಂದ 1980ರ ದಶಕದ ಮೊದಲ ವರ್ಷಗಳಲ್ಲಿ ರಾಚೆಸ್ಟರ್‌ನ ತರಗತಿಗಳು ತುಂಬಿದವು.

ಕಿವುಡ ವಿದ್ಯಾರ್ಥಿಗೆ ತರಗತಿಯಲ್ಲಿ ನಿಜವಾಗಿ ಏನು ಬೇಕು? ಹೊರಗಿನವರು ತಟಕ್ಕನೆ 'ದುಭಾಷಿ' ಎನ್ನುತ್ತಾರೆ. ಒಂದು ಗಂಟೆ ಅವರ ಕುರ್ಚಿಯಲ್ಲಿ ಕೂತರೆ ಕಷ್ಟ ಬೇರೆಯೇ ಎಂದು ತಿಳಿಯುತ್ತದೆ. ಕೇಳುವ ಹುಡುಗನೊಬ್ಬ ಮೇಷ್ಟ್ರ ಮಾತನ್ನು ಕಿವಿಯಲ್ಲಿ ಇಟ್ಟುಕೊಂಡೇ ತಲೆ ಬಗ್ಗಿಸಿ ನೋಟ್ಸ್ ಬರೆಯುತ್ತಾನೆ, ಬೋರ್ಡ್ ನೋಡುತ್ತಾನೆ, ಪುಸ್ತಕದ ಪುಟ ತಿರುಗಿಸುತ್ತಾನೆ. ಕಿವುಡ ಹುಡುಗಿಗೆ ಎಲ್ಲವೂ ಕಣ್ಣಿನ ಮೂಲಕವೇ ಆಗಬೇಕು. ದುಭಾಷಿಯನ್ನು ನೋಡಿದರೆ ಬೋರ್ಡಿನ ಸಮೀಕರಣ ತಪ್ಪುತ್ತದೆ, ಬೋರ್ಡ್ ನೋಡಿದರೆ ಮಾತು ತಪ್ಪುತ್ತದೆ, ಒಂದು ಸಾಲು ಬರೆಯಲು ಬಗ್ಗಿದರೆ ಎರಡೂ ಹೋಗುತ್ತವೆ. ಲ್ಯಾಬಿನಲ್ಲಂತೂ ಇದು ಇನ್ನೂ ಕಷ್ಟ. ಮೈಕ್ರೋಸ್ಕೋಪಿಗೆ ಕಣ್ಣಿಟ್ಟಿದ್ದಾಗ ಮೇಡಂ 'ಈಗ ಬಲಗಡೆಯ ತಿರುಪನ್ನು ಮೆಲ್ಲಗೆ ತಿರುಗಿಸಿ, ಅಂಚಿನಲ್ಲಿ ಏನು ಬದಲಾಯಿತು ನೋಡಿ' ಎಂದರೆ, ಉಳಿದವರು ಕಣ್ಣೆತ್ತದೆ ತಿರುಗಿಸುತ್ತಾರೆ. ಅವಳು ಕಣ್ಣೆತ್ತಿ ಮಾತು ನೋಡಿ ಮತ್ತೆ ಬಗ್ಗುವಷ್ಟರಲ್ಲಿ ನೋಡಬೇಕಾದದ್ದು ಆಗಿಹೋಗಿರುತ್ತದೆ.

ಅದಕ್ಕೇ ಅಲ್ಲಿ ನೋಟ್ಸ್ ಬರೆದುಕೊಡುವವರು ಬಂದರು. ದುಭಾಷಿಗಳು ದೀರ್ಘ ತರಗತಿಗಳಿಗೆ ಇಬ್ಬಿಬ್ಬರಾಗಿ ಬಂದು ಸುಮಾರು 20 ನಿಮಿಷಕ್ಕೊಮ್ಮೆ ಕೈ ಬದಲಿಸುತ್ತಾರೆ. ಅದಕ್ಕಿಂತ ಹೆಚ್ಚು ಹೊತ್ತು ಒಬ್ಬರೇ ಮಾಡಿದರೆ ಮನಸ್ಸು ದಣಿದು ತಪ್ಪುಗಳು ನುಸುಳುತ್ತವೆ. 1990ರ ಆಸುಪಾಸಿನಲ್ಲಿ ಎನ್‌ಟಿಐಡಿಯಲ್ಲೇ ಸಿ-ಪ್ರಿಂಟ್ ಎಂಬ ವ್ಯವಸ್ಥೆ ರೂಪುಗೊಂಡಿತು. ತರಬೇತಾದ ಒಬ್ಬರು ಮೇಷ್ಟ್ರ ಮಾತನ್ನು ಸಂಕ್ಷೇಪಾಕ್ಷರಗಳಲ್ಲಿ ಟೈಪ್ ಮಾಡುತ್ತಾ ಹೋಗುತ್ತಾರೆ, ಕಂಪ್ಯೂಟರ್ ಅದನ್ನು ಪೂರ್ಣ ಪದಗಳಾಗಿ ಬಿಡಿಸಿ ವಿದ್ಯಾರ್ಥಿಯ ಪರದೆಗೆ ತರುತ್ತದೆ. ತರಗತಿ ಮುಗಿದಾಗ ಇಡೀ ಪಾಠ ಬರಹವಾಗಿ ಕೈಯಲ್ಲಿರುತ್ತದೆ. ಈಚೆಗೆ ಮೈಕ್ರೋಸಾಫ್ಟ್ ಜೊತೆಗೂಡಿ, ಮಾತನ್ನು ಯಂತ್ರವೇ ಬರಹಕ್ಕಿಳಿಸುವ ಪ್ರಯೋಗವೂ ಅಲ್ಲಿ ನಡೆದಿದೆ.

ಇಷ್ಟೆಲ್ಲ ಇದ್ದರೆ ಸಾಕೇ? ಸಾಲದು ಎಂದು ಹೇಳಿದವರು ಅಲ್ಲಿನವರೇ. ಎನ್‌ಟಿಐಡಿಯ ಮಾರ್ಕ್ ಮಾರ್ಶಾರ್ಕ್ ಮತ್ತು ಸಂಗಡಿಗರು ನುರಿತ ದುಭಾಷಿಗಳನ್ನಿಟ್ಟು ಪಾಠ ಮಾಡಿಸಿ ಪರೀಕ್ಷಿಸಿದರು. ಅದೇ ಪಾಠದಿಂದ ಕಿವುಡ ವಿದ್ಯಾರ್ಥಿಗಳು ಕೇಳುವವರಿಗಿಂತ ಕಡಿಮೆ ಕಲಿತಿದ್ದರು. ಮುಂದಿನ ಅಧ್ಯಯನಗಳಲ್ಲಿ ಕಂಡದ್ದು ಇನ್ನೂ ಮುಖ್ಯ. ಕಿವುಡರಿಗೆ ಕಲಿಸಿ ಅನುಭವವಿದ್ದ ಮೇಷ್ಟ್ರು ಪಾಠ ಮಾಡಿದಾಗ, ಮೊದಲೇ ಗೊತ್ತಿದ್ದುದನ್ನು ಲೆಕ್ಕಕ್ಕೆ ಹಿಡಿದು ನೋಡಿದರೆ, ಕಿವುಡರೂ ಕೇಳುವವರಷ್ಟೇ ಮುಂದೆ ಬಂದಿದ್ದರು. ದುಭಾಷಿ ಮೇಷ್ಟ್ರ ಮಾತನ್ನಷ್ಟೇ ದಾಟಿಸಬಲ್ಲರು. ಬೋರ್ಡಿಗೆ ಬೆನ್ನು ಮಾಡದೆ ನಿಲ್ಲುವುದು, ಚಿತ್ರ ತೋರಿಸಿ ಅದನ್ನು ನೋಡಲು ಸಮಯ ಬಿಟ್ಟು ಆಮೇಲೆ ಮಾತಾಡುವುದು, ಇವು ಮೇಷ್ಟ್ರೇ ಕಲಿಯಬೇಕಾದವು. ಈ ಮಾತನ್ನು ನಮ್ಮ ಶಿಕ್ಷಕರ ತರಬೇತಿ ನಡೆಸುವವರು ಒಮ್ಮೆ ನಿಂತು ಓದಿದರೆ ಒಳ್ಳೆಯದು.

ಇನ್ನು ತರಗತಿಯ ಹೊರಗಿನ ಮಾತು. ಕ್ಯಾಂಟೀನಿಗೆ ದುಭಾಷಿ ಬರುವುದಿಲ್ಲ. 1980ರ ದಶಕದಲ್ಲಿ ಅಲ್ಲಿನ ಸಂಶೋಧಕರು ಕಿವುಡ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಮಾತಾಡಿಸಿದಾಗ ಗೊತ್ತಾದದ್ದೂ ಇದೇ. ಪಾಠಗಳಲ್ಲಿ ಅವರು ಬೆರೆತಿದ್ದರು, ಗೆಳೆತನದಲ್ಲಿ ಬೆರೆತಿರಲಿಲ್ಲ. ಒಂದೇ ಹಾಸ್ಟೆಲಿನಲ್ಲಿದ್ದರೂ ಊಟದ ಮೇಜು ಬೇರೆ. ಕೇಳುವವರಿಗೆ ಸಂಜ್ಞೆ ಬಾರದು, ಬಾರದ ಸಂಕೋಚಕ್ಕೆ ಅವರು ಮುಖ ತಿರುಗಿಸುತ್ತಾರೆ, ಆ ಮುಖ ತಿರುಗಿಸುವುದನ್ನು ಕಿವುಡರು ತಿರಸ್ಕಾರವೆಂದು ಓದುತ್ತಾರೆ. ಇದನ್ನು ಮುಚ್ಚಿಟ್ಟು ರಾಚೆಸ್ಟರ್ ಸ್ವರ್ಗವೆಂದು ಬರೆದರೆ ಓದುಗರಿಗೆ ಮೋಸ ಮಾಡಿದಂತಾಗುತ್ತದೆ.

ಆದರೂ ಅಲ್ಲಿ ಒಂದು ವಿಶೇಷ ನಡೆಯುತ್ತದೆ. ಕೇಳುವ ಮಕ್ಕಳು ಸಂಜ್ಞಾ ಭಾಷೆ ಕಲಿಯುತ್ತಾರೆ. ಕೆಲವರು ಅದನ್ನು ವಿಷಯವಾಗಿಯೇ ತೆಗೆದುಕೊಳ್ಳುತ್ತಾರೆ, ಇನ್ನು ಕೆಲವರು 'ನೋ ವಾಯ್ಸ್ ಜೋನ್' ಎಂಬ ವಿದ್ಯಾರ್ಥಿ ಸಂಘಕ್ಕೆ ಹೋಗುತ್ತಾರೆ. ಹೆಸರೇ ಹೇಳುವಂತೆ ಅಲ್ಲಿ ಬಾಯಿಗೆ ಕೆಲಸವಿಲ್ಲ. ಒಳಗೆ ಕಾಲಿಟ್ಟ ಕೇಳುವ ಹುಡುಗ, ಜೀವನದಲ್ಲಿ ಮೊದಲ ಸಲ, ಕೋಣೆಯಲ್ಲಿ ಏನು ನಡೆಯುತ್ತಿದೆಯೆಂದು ತಿಳಿಯದೆ ಎಲ್ಲರಿಗಿಂತ ತಡವಾಗಿ ನಗುತ್ತಾನೆ. ಪಕ್ಕದವಳು ಅವನ ಬೆರಳು ಹಿಡಿದು ಸರಿಪಡಿಸುತ್ತಾಳೆ. ರಾಚೆಸ್ಟರ್‌ನ ಹಿಮದಲ್ಲಿ ಇಬ್ಬರು ಮಾತಾಡಿಕೊಂಡು ಹೋಗಬೇಕಾದರೆ ಕೈಗವಸು ಕಳಚಿಯೋ ದಪ್ಪ ಗವಸಿನೊಳಗೇ ಬೆರಳಾಡಿಸಿಯೋ ಸಂಭಾಷಣೆ ನಡೆಸಬೇಕು. ಅಷ್ಟು ಪಾಡುಪಟ್ಟು ಆಡಿದ ಮಾತು ಗೆಳೆತನವನ್ನು ಗಟ್ಟಿ ಮಾಡದೆ ಇರುತ್ತದೆಯೇ?

ಎನ್‌ಟಿಐಡಿಯ ರಂಗಮಂದಿರಕ್ಕೆ ರಾಬರ್ಟ್ ಪನಾರಾ ಅವರ ಹೆಸರಿದೆ. ಹತ್ತು ವರ್ಷದ ಹುಡುಗನಾಗಿದ್ದಾಗ ಮೆದುಳುಪೊರೆಯ ಜ್ವರ ಬಂದು ಅವರ ಕಿವಿ ಹೋಯಿತು. 1967ರಲ್ಲಿ ಅವರು ಎನ್‌ಟಿಐಡಿಯ ಮೊದಲ ಕಿವುಡ ಅಧ್ಯಾಪಕರಾದರು. ಇಂಗ್ಲಿಷ್ ಸಾಹಿತ್ಯ ಕಲಿಸಿದರು, ನಾಟಕ ತಂಡ ಕಟ್ಟಿದರು. ಆ ರಂಗದ ಮೇಲೆ ಕಿವುಡ ನಟ ಕೈಯಲ್ಲಿ ಅಭಿನಯಿಸಿದರೆ ಕೇಳುವ ನಟ ಅದೇ ಪಾತ್ರಕ್ಕೆ ದನಿಯಾಗುತ್ತಾನೆ. ಒಬ್ಬ ರಾಜನಿಗೆ ಎರಡು ದೇಹ ಇದ್ದಂತೆ. ನಮ್ಮ ಯಕ್ಷಗಾನದಲ್ಲಿ ಭಾಗವತರ ಪದಕ್ಕೆ ವೇಷಧಾರಿ ಕುಣಿಯುವುದನ್ನು ಕಂಡವರಿಗೆ ಈ ಜೋಡಣೆ ವಿಚಿತ್ರವೆನಿಸದು. 2017ರಲ್ಲಿ ಅಮೆರಿಕದ ಅಂಚೆ ಇಲಾಖೆ ಪನಾರಾ ಅವರ ಚಿತ್ರವಿರುವ ಅಂಚೆಚೀಟಿ ತಂದಿತು. ಅದರಲ್ಲಿ ಅವರ ಕೈ ಹೇಳುತ್ತಿರುವ ಪದ 'ಗೌರವ'.

ಈ ಬೆರೆಯುವಿಕೆ ಸಾಧ್ಯವಾಗಿರುವುದು ಯಾವುದರಿಂದ? ತಂತ್ರಜ್ಞಾನದಿಂದ ಎನ್ನುವವರಿದ್ದಾರೆ, ಹಣದಿಂದ ಎನ್ನುವವರೂ ಇದ್ದಾರೆ. ಎರಡೂ ನಿಜ, ಆದರೆ ಮೂಲ ಬೇರೆ ಕಡೆ ಇದೆ. ಅಲ್ಲಿ 1,100 ಮಂದಿ ಇದ್ದಾರೆ. ಕೇಳುವವರ ಕಾಲೇಜಿನಲ್ಲಿ ಒಬ್ಬನೇ ಕಿವುಡನಿದ್ದರೆ ಅವನು ಎಲ್ಲರ ಕರುಣೆಗೆ ಪಾತ್ರ. ಸಾವಿರ ಮಂದಿ ಇದ್ದರೆ ಅವರದೊಂದು ಭಾಷೆ, ಅವರದೇ ಜಗಳ, ಅವರದೇ ಚುನಾವಣೆ, ಅವರದೇ ತಮಾಷೆ. ಕೇಳುವವನಿಗೂ ಆ ಲೋಕದೊಳಗೆ ಕಾಲಿಡಬೇಕೆಂಬ ಆಸೆ ಹುಟ್ಟುತ್ತದೆ. ಗ್ಯಾಲೊಡೆಟ್‌ನ ವಿದ್ಯಾರ್ಥಿಗಳು 1988ರ ಮಾರ್ಚ್‌ನಲ್ಲಿ ಕಾಲೇಜಿನ ಗೇಟು ಮುಚ್ಚಿ, ಕಿವುಡ ಅಧ್ಯಕ್ಷರೇ ಬೇಕೆಂದು ಹೋರಾಡಿ ಕಿಂಗ್ ಜೋರ್ಡನ್ ಅವರನ್ನು ಪಡೆದದ್ದೂ ಇಂಥ ಬಲದಿಂದಲೇ.

ನಮ್ಮ ಕಡೆ ತಿರುಗಿ ನೋಡಿದರೆ ಸಂಕಟವಾಗುತ್ತದೆ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಕಿವಿ ಕೇಳದವರು ಸುಮಾರು 50 ಲಕ್ಷ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ 5ರಷ್ಟು ಸೀಟುಗಳನ್ನು ಅಂಗವಿಕಲರಿಗೆ ಕಾಯ್ದಿರಿಸಿದೆ. ದೆಹಲಿಯಲ್ಲಿ 2015ರಲ್ಲಿ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ಶುರುವಾಯಿತು. ಅದರ ನಿಘಂಟು 2018ರಲ್ಲಿ 3 ಸಾವಿರ ಪದಗಳಿಂದ ಹೊರಟು 2021ರಲ್ಲಿ 10 ಸಾವಿರಕ್ಕೆ ಬೆಳೆಯಿತು. ಭಾಷೆಯಂತೂ ಸೊಗಸಾಗಿದೆ. 'ಏನು', 'ಎಲ್ಲಿ' ಎಂಬ ಪ್ರಶ್ನೆಪದ ವಾಕ್ಯದ ಕೊನೆಗೆ ಬರುತ್ತದೆ. 'ನಿನ್ನ ಹೆಸರು ಏನು' ಎನ್ನುವ ಕನ್ನಡಿಗರಿಗೆ ಅದರ ಕ್ರಮ ಇಂಗ್ಲಿಷಿನವರಿಗಿಂತ ಹತ್ತಿರ.

ಆದರೆ ಸೀಟು ಸಿಕ್ಕ ಹುಡುಗ ಕೂರುವುದು ಒಬ್ಬನೇ. ಒಂದು ಕಾಲೇಜಿಗೆ ಒಬ್ಬ, ಇನ್ನೊಂದಕ್ಕೆ ಇನ್ನೊಬ್ಬ. ಒಬ್ಬನಿಗಾಗಿ ದುಭಾಷಿಯನ್ನು ನೇಮಿಸಲು ಪ್ರಿನ್ಸಿಪಾಲರಿಗೆ ಕೈ ಬರುವುದಿಲ್ಲ, ಒಬ್ಬನಿಗಾಗಿ ಮೇಷ್ಟ್ರು ರೂಢಿ ಬದಲಿಸುವುದಿಲ್ಲ. ಮೂರು ವರ್ಷ ಅವನು ಪಕ್ಕದವನ ನೋಟ್ಸ್ ನಕಲು ಮಾಡಿಕೊಂಡು ಕೂರುತ್ತಾನೆ. ಹಾಜರಿ ಪುಸ್ತಕದಲ್ಲಿ ಮಾತ್ರ ಅವನು ಎಲ್ಲರ ಜೊತೆಯಲ್ಲಿದ್ದಾನೆ. ಸೀಟುಗಳನ್ನು ಹೀಗೆ ಚೆಲ್ಲಾಡಿದಂತೆ ಹಂಚುವ ಬದಲು ವಿಭಾಗಕ್ಕೊಂದರಂತೆ ಕೆಲವೇ ಸಾಮಾನ್ಯ ಕಾಲೇಜುಗಳನ್ನು ಆರಿಸಿ, ಪ್ರತಿಯೊಂದರಲ್ಲೂ ನಲವತ್ತು ಐವತ್ತು ಕಿವುಡ ವಿದ್ಯಾರ್ಥಿಗಳಿಗೆ ಅನುಕೂಲ ಮಾಡಿ, ದುಭಾಷಿಗಳನ್ನೂ ಬರಹಕ್ಕಿಳಿಸುವವರನ್ನೂ ಅಲ್ಲೇ ಕಾಯಂ ಆಗಿ ಇಡಬೇಕು. ಮನೆಗೆ ಹತ್ತಿರದ ಕಾಲೇಜೇ ಬೇಕೆನ್ನುವವರ ಹಕ್ಕು ಇದರಿಂದ ಹೋಗಬಾರದು.

ಇದಕ್ಕೆ ನಮ್ಮ ನೆರೆಯಲ್ಲೇ ಮಾದರಿಗಳಿವೆ. ತಿರುವನಂತಪುರದ ನಿಶ್ ಸಂಸ್ಥೆ ಕಿವುಡರಿಗೆ ಕಂಪ್ಯೂಟರ್ ವಿಜ್ಞಾನ ಮತ್ತು ಲಲಿತಕಲೆಯ ಪದವಿಗಳನ್ನು ನಡೆಸುತ್ತಿದೆ. ಅದೇ ಆವರಣದಲ್ಲಿ ಕೇಳುವ ವಿದ್ಯಾರ್ಥಿಗಳು ಶ್ರವಣ ವಿಜ್ಞಾನ ಓದುತ್ತಾರೆ. ಮೈಸೂರಿನ ಜೆಎಸ್‌ಎಸ್ ಅಂಗವಿಕಲರ ಪಾಲಿಟೆಕ್ನಿಕ್‌ನಲ್ಲಿ ಕಿವಿ ಕೇಳದವರು, ಕಣ್ಣು ಕಾಣದವರು, ನಡೆಯಲು ಕಷ್ಟಪಡುವವರು ಒಂದೇ ಸೂರಿನಡಿ ಡಿಪ್ಲೊಮಾ ಕಲಿಯುತ್ತಾರೆ.

ಮೈಸೂರಿನಲ್ಲೇ ಇನ್ನೊಂದು ಸಂಗತಿಯಿದೆ. ಜಾನ್ಸನ್ ಸಹಿ ಹಾಕಿದ ಎರಡೇ ತಿಂಗಳಿಗೆ, ಅದೇ 1965ರ ಆಗಸ್ಟ್‌ನಲ್ಲಿ, ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹುಟ್ಟಿತು. ಲಕ್ಷಾಂತರ ಮಕ್ಕಳ ಕಿವಿ ಪರೀಕ್ಷಿಸಿ, ಯಂತ್ರ ಕೊಟ್ಟು, ಮಾತು ಕಲಿಸಿದ ಸಂಸ್ಥೆ. ಅದು ಇರುವುದು ಮಾನಸಗಂಗೋತ್ರಿಯಲ್ಲಿ, ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ತರಗತಿಗಳ ಮಗ್ಗುಲಲ್ಲಿ. ಕಿವಿ ಬಲ್ಲವರು ಒಂದು ಕಡೆ, ಎಂಎ ಎಂಎಸ್ಸಿ ಪಾಠ ಹೇಳುವವರು ಇನ್ನೊಂದು ಕಡೆ, ನಡುವೆ ನಡೆದೇ ಹೋಗಬಹುದಾದ ಒಂದು ರಸ್ತೆ. ಕಿವುಡರೂ ಕೇಳುವವರೂ ಒಟ್ಟಿಗೆ ಕೂರುವ ರಾಜ್ಯದ ಮೊದಲ ಸ್ನಾತಕೋತ್ತರ ತರಗತಿಯನ್ನು ಎಲ್ಲಿ ತೆರೆಯಬೇಕೆಂದು ಹುಡುಕಲು ಸಮಿತಿ ಬೇಕಿಲ್ಲ. ಮುಂದಿನ ಜುಲೈಗೆ ಹತ್ತು ಮಂದಿ ಕಿವುಡ ವಿದ್ಯಾರ್ಥಿಗಳನ್ನೂ ನಾಲ್ಕು ಮಂದಿ ದುಭಾಷಿಗಳನ್ನೂ ಆ ರಸ್ತೆ ದಾಟಿಸಿದರೆ ಶುರು ಮಾಡಬಹುದು.